ಅಂಚು ಮುಗಿಯುವ ತನಕ

ನಮ್ಮ ಯಜಮಾನರು ನನಗಿಂತ ಚೆನ್ನಾಗಿ ಉಲ್ಲನ್ ಹೆಣೆಯುತ್ತಾರೆ. ಈ ಮಾತನ್ನು ಅವರ ಎದುರು ನಾನು ಇದುವರೆಗೆ ಹೇಳಿಲ್ಲ, ಹೇಳುವುದೂ ಇಲ್ಲ. ಹೇಳಿದರೆ ಮತ್ತೆ ನೆಲದ ಮೇಲೆ ನಿಲ್ಲುವ ಮನುಷ್ಯರೇ ಅಲ್ಲ ಅವರು. ಅಷ್ಟಕ್ಕೂ ಅವರಿಗೆ ಕಡ್ಡಿ ಹಿಡಿಯುವುದನ್ನು ಕಲಿಸಿದವಳು ನಾನೇ.

ಕಲಿಸಿದ್ದೂ ಪ್ರೀತಿಯಿಂದಲ್ಲ, ಕಾಟ ತಡೆಯಲಾರದೆ. ಹೋದ ವರ್ಷ ಮೆಣಸಿನ ಕೊಯ್ಲಿನ ಮೊದಲ ದಿನವೇ ಏಣಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ನಾನು ಕೆಳಗೇ ನಿಂತಿದ್ದೆ. ಮೂಳೆ ಮುರಿದ ಸದ್ದು ಕಿವಿಯಾರೆ ಕೇಳಿದವಳು ನಾನು. ಹಾಸನದಲ್ಲಿ ಆಪರೇಷನ್ ಮಾಡಿ, ಒಳಗೊಂದು ರಾಡ್ ಕೂರಿಸಿ, ಮಲಗಿರಿ ಎಂದು ಹೇಳಿ ಕಳಿಸಿದರು. ಮಲಗಿದರು ನಿಜ, ಬಾಯಿ ಮಾತ್ರ ಮಲಗಲಿಲ್ಲ. ಮಂಚದ ಮೇಲಿಂದಲೇ ತೋಟ, ಕೊಟ್ಟಿಗೆ, ಅಡುಗೆಮನೆ ಎಲ್ಲವನ್ನೂ ನಡೆಸತೊಡಗಿದರು.

"ಲೇ ದೇವೀ, ಹಸ ಯಾಕೆ ಕೂಗ್ತಾ ಐತೆ ನೋಡೇ!"

"ದೇವೀ, ಒಗ್ಗರಣೆ ಸೀದೋಯ್ತು, ಇಲ್ಲಿಗೇ ವಾಸ್ನೆ ಬತ್ತೈತೆ!"

ಒಂದು ದಿನ ತಲೆಕೆಟ್ಟು, ಕೈಯಲ್ಲಿದ್ದ ಕಡ್ಡಿಗಳನ್ನೂ ಉಲ್ಲನ್ ಉಂಡೆಯನ್ನೂ ಅವರ ಎದೆಯ ಮೇಲೆ ಹಾಕಿದೆ. "ತಗಳಿ, ಬಾಯಿ ಮುಚ್ಕಂಡು ಇದನ್ನ ಹೆಣೀರಿ. ಸೀದಾ ಒಂದು, ಉಲ್ಟಾ ಒಂದು. ತಪ್ಪಿದ್ರೆ ನನ್ನ ಕರೀಬೇಡಿ."

ಕರೆಯಲಿಲ್ಲ. ಸಂಜೆ ಹೋಗಿ ನೋಡಿದರೆ ಗೇಣುದ್ದ ಹೆಣೆದು ಇಟ್ಟಿದ್ದಾರೆ, ಹೆಣಿಗೆಯ ಒಂದು ಕಣ್ಣೂ ಜಾರಿಲ್ಲ! ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟಿ ಕಟ್ಟಿ ಪಳಗಿದ ಬೆರಳುಗಳು, ಎಳೆ ಎಷ್ಟು ಬಿಗಿಯಬೇಕು, ಎಷ್ಟು ಸಡಿಲ ಬಿಡಬೇಕು ಅನ್ನುವುದು ಅವಕ್ಕೆ ಗೊತ್ತಿತ್ತೋ ಏನೋ. ನನಗಂತೂ ಹೊಟ್ಟೆ ಉರಿದುಹೋಯಿತು.

ಆ ಉಲ್ಲನ್ ನಮ್ಮ ಒಬ್ಬಳೇ ಮಗಳು ಹೇಮಶ್ರೀಯ ಕಂಬಳಿಗೆಂದು ತಂದದ್ದು. ಕುಂದೂರಿಗೆ ಮದುವೆಯಾಗಿ ಹೋದವಳು ಹೊಸ ಸೋಫಾ ಕೊಂಡು, ಅದರ ಮೇಲೆ ಹೊದಿಸಲು ಕೈಯಲ್ಲಿ ಹೆಣೆದದ್ದೇ ಬೇಕೆಂದು ಫೋನಿನಲ್ಲಿ ಚಿತ್ರ ಕಳಿಸಿದ್ದಳು. ಉದ್ದುದ್ದ ಐದು ಪಟ್ಟಿ, ಒಂದೊಂದಕ್ಕೆ ಒಂದೊಂದು ನಮೂನೆ, ಎಲ್ಲವನ್ನೂ ಜೋಡಿಸಿ ಹೊಲಿದ ಮೇಲೆ ಸುತ್ತಲೂ ಅಂಗೈ ಅಗಲದ ಅಂಚು. ಒಂದು ಪಟ್ಟಿ ಅಕ್ಕಿ ಚೆಲ್ಲಿದ ಹಾಗೆ ಕಾಳು ಕಾಳಾಗಿ, ಒಂದು ಚಾಪೆಯ ಹಾಗೆ, ಇನ್ನೊಂದು ಜಡೆಯ ಹಾಗೆ ತಿರುವಿಕೊಂಡು. ಕಾಳಿನ ಪಟ್ಟಿಯನ್ನು ನಾನು ಮುಗಿಸಿದ್ದೆ. ಉಳಿದದ್ದೆಲ್ಲ ಯಜಮಾನರ ಪಾಲಾಯಿತು. ಮಗಳು ಚಿಕ್ಕವಳಿದ್ದಾಗ ಒಂದು ದಿನವೂ ಅವಳ ತಲೆ ಬಾಚಿದವರಲ್ಲ ಈ ಮನುಷ್ಯ, ಈಗ ಉಲ್ಲನ್ನಿನಲ್ಲಿ ಜಡೆಯ ಮೇಲೆ ಜಡೆ ಹಾಕುತ್ತಾ ಕೂತಿದ್ದರು.

ಕಾಲು ಕೂಡಿಕೊಂಡು ಓಡಾಡುವಂತಾದರೂ ಕಡ್ಡಿ ಬಿಡಲಿಲ್ಲ. ಜಗಲಿಯ ಮೇಲೆ ಕೂತು, ಕೆಳಗೆ ದೋಣಿಗಲ್ ರಸ್ತೆಯಲ್ಲಿ ಲಾರಿಗಳು ಏರು ಹತ್ತಲಾರದೆ ಗೊರಗುಟ್ಟುವುದನ್ನು ಕೇಳುತ್ತಾ ಹೆಣೆಯುವರು. ಪಕ್ಕದ ತೋಟದ ಸುರೇಂದ್ರ, ನಮ್ಮ ಚಿಕ್ಕಮಾವನ ಮಗ, ದಿನಾ ಬಂದು ಕಿಚಾಯಿಸುವನು.

"ಅಣ್ಣಯ್ಯ, ಇದು ಮುಗುದ್ಮೇಲೆ ಸೀರೆಗೆ ಕುಚ್ಚು ಕಟ್ಟೋದೂ ಕಲ್ತ್ಕಂಬುಡು. ನಮ್ಮ ಮನೇಲಿ ಎರಡು ಸೀರೆ ಐತೆ."

"ತಗಂಬಾರೋ, ಕಟ್ಟಿಕೊಡ್ತೀನಿ," ಎನ್ನುವರು ಇವರು, ತಲೆ ಎತ್ತದೆ. ಒಂದು ದಿನ ಅವನು ಮಾತು ತಿರುಗಿಸಿದ.

"ಅದ್ಸರಿ. ಈ ಸಲ ಮೊದಲ್ನೇ ಗೊಂಚಲು ಕುಯ್ಯೋರು ಯಾರು? ಅತ್ತಿಗೇನಾ?"

ಆಗ ಮಾತ್ರ ತಲೆ ಎತ್ತಿದರು. "ಯಾಕೋ? ನಾನು ಸತ್ತೋಗಿದ್ದೀನಾ? ಈ ಸಲಾನೂ ನಾನೇ ಹತ್ತೋದು."

ಒಳಗೆ ಮಜ್ಜಿಗೆ ಕಡೆಯುತ್ತಿದ್ದವಳು ಕಡಗೋಲು ಕೈಬಿಟ್ಟೆ. ನಮ್ಮ ಮನೆಯಲ್ಲಿ ಮಾವನವರ ಕಾಲದಿಂದ ಒಂದು ಪದ್ಧತಿ. ಹಿತ್ತಲ ಹಲಸಿನ ಮರಕ್ಕೆ ಹಬ್ಬಿದ ಹಳೇ ಬಳ್ಳಿಯಿಂದ ಮನೆಯ ಯಜಮಾನನೇ ಏಣಿ ಹತ್ತಿ ಮೊದಲ ಗೊಂಚಲು ಕಿತ್ತು ದೇವರ ಮುಂದಿಡಬೇಕು. ಅಲ್ಲಿಯವರೆಗೆ ಆಳುಗಳು ಬೇರೆ ಯಾವ ಮರಕ್ಕೂ ಏಣಿ ಇಡುವ ಹಾಗಿಲ್ಲ. ಇವರು ಹೋದ ವರ್ಷ ಬಿದ್ದದ್ದೂ ಅದೇ ಮರದಿಂದ. ಮತ್ತೊಮ್ಮೆ ಬಿದ್ದರೆ ನಾನು ಯಾರ ಮೇಲೆ ಕೂಗಾಡಲಿ?

ಸುರೇಂದ್ರ ಹೋದ ಮೇಲೆ ಕೂಗಾಡಿದೆ, ಕಣ್ಣೀರು ಹಾಕಿದೆ, ಊಟ ಬಿಟ್ಟೆ. ಊಟ ಬಿಟ್ಟದ್ದು ಒಂದೇ ಹೊತ್ತು, ಅದೂ ಹಸಿವಾಗಲಿಲ್ಲವೆಂದು. ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ದೇವರ ಮನೆಗೆ ಕರೆದುಕೊಂಡು ಹೋಗಿ ದೀಪದ ಮುಂದೆ ನಿಲ್ಲಿಸಿದೆ.

"ಹೇಮನ ಕಂಬಳಿ ಅಂಚು ಮುಗಿಯೋ ತನಕ ಏಣಿ ಮುಟ್ಟಲ್ಲ ಅಂತ ಆಣೆ ಮಾಡ್ರಿ."

ಜಗಳಕ್ಕೆ ಸೊಂಟ ಕಟ್ಟಿಯೇ ನಿಂತಿದ್ದೆ. ಅವರು ಒಂದು ತಕರಾರೂ ಇಲ್ಲದೆ ದೀಪದ ಮೇಲೆ ಕೈಯಿಟ್ಟು, "ಮುಟ್ಟಲ್ಲ," ಎಂದರು. ಇಷ್ಟು ಸುಲಭವಾಗಿ ಯಾವ ಮಾತಿಗೂ ಒಪ್ಪಿದವರಲ್ಲ. ರಾಡ್ ಜೊತೆಗೆ ಡಾಕ್ಟರು ಸ್ವಲ್ಪ ಬುದ್ಧಿಯನ್ನೂ ಕೂರಿಸಿರಬೇಕು ಎಂದುಕೊಂಡೆ.

ಪಟ್ಟಿಗಳೇ ಮುಗಿದಿರಲಿಲ್ಲ, ಅಂಚು ಮುಗಿಯುವಷ್ಟರಲ್ಲಿ ಕೊಯ್ಲಿನ ಕಾಲವೇ ಕಳೆಯುತ್ತದೆ ಎನ್ನುವುದು ನನ್ನ ಲೆಕ್ಕ. ನನ್ನ ಲೆಕ್ಕವೆಲ್ಲ ಹೀಗೆಯೇ. ಸಂಕ್ರಾಂತಿಯ ಹೊತ್ತಿಗೆ ಐದು ಪಟ್ಟಿಯೂ ಮುಗಿದು, ಹೊಲಿದು, ಕಾಫಿ ಹಣ್ಣಿನ ಕೆಂಪು ಬಣ್ಣದ ಅಂಚು ಎರಡು ಮೂಲೆ ದಾಟಿ ಮೂರನೆಯದನ್ನೂ ತಿರುಗಿತ್ತು! ಪಟ್ಟಿಗಳ ಬದಿಗೆ ಸಿಕ್ಕಿಸಿಕೊಂಡು ಸಿಕ್ಕಿಸಿಕೊಂಡು ಆ ಕೆಂಪು ಅಂಚು ಕಂಬಳಿಯ ಸುತ್ತ ಪ್ರದಕ್ಷಿಣೆ ಹೊರಟಿತ್ತು. ಹೊರಟ ಜಾಗಕ್ಕೆ ಬಂದು ಸೇರಿತೆಂದರೆ ಆಣೆ ಮುಗಿಯಿತು, ಏಣಿ ಎದ್ದಿತು. ಅತ್ತ ಹಲಸಿನ ಮರದ ಮೇಲೆ ಮೆಣಸು ಅಲ್ಲೊಂದು ಇಲ್ಲೊಂದು ಕೆಂಪಗಾಗುತ್ತಿತ್ತು.

ನಾನೇನು ಮಾಡಲಿ? ಬಿಚ್ಚಿದೆ.

ನಮ್ಮವರಿಗೆ ಸ್ನಾನವೆಂದರೆ ಹಂಡೆಯ ನೀರೆಲ್ಲ ಮುಗಿಯಬೇಕು. ಕಾಲಿಗೆ ಬಿಸಿನೀರು ಹುಯ್ದುಕೊಳ್ಳುತ್ತಾ ಬಚ್ಚಲಲ್ಲೇ ಊರಿನ ಪಂಚಾಯಿತಿಯೆಲ್ಲ ತಾವೊಬ್ಬರೇ ಮಾತಾಡಿ ಮುಗಿಸುತ್ತಾರೆ. ಅಷ್ಟರಲ್ಲಿ ನಾನು ಕಡ್ಡಿ ಎಳೆದು, ಒಂದು ಗೇಣು ಬಿಚ್ಚಿ, ಎಳೆಯನ್ನು ಉಂಡೆಗೆ ಸುತ್ತಿ, ಕಣ್ಣುಗಳನ್ನು ಮತ್ತೆ ಕಡ್ಡಿಗೆ ಏರಿಸಿ, ಏನೂ ಅರಿಯದವಳ ಹಾಗೆ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದೆ. ಬೆಳಿಗ್ಗೆ ನಾನು ಗೇಣು ಬಿಚ್ಚುವುದು, ಸಂಜೆ ಅವರು ಗೇಣು ಹೆಣೆಯುವುದು. ಅಂಚು ಇದ್ದಲ್ಲೇ ಇರಬೇಕು ತಾನೆ?

ಇರಲಿಲ್ಲ. ಹಿಂದೆ ಹಿಂದೆ ಹೋಗುತ್ತಿತ್ತು. ಮೂರನೇ ಮೂಲೆ ತಿರುಗಿದ್ದು ಒಂದು ದಿನ ನೋಡಿದರೆ ಆ ಮೂಲೆಗಿಂತ ಈಚೆ ಬಂದು ನಿಂತಿದೆ! ಮೊದಲು ಬೆಕ್ಕಿನ ಮೇಲೆ ಅನುಮಾನ ಬಂತು, ಅದನ್ನು ಹಿತ್ತಲಿಗೆ ಓಡಿಸಿದೆ. ಆಮೇಲೆ ನನ್ನ ಕೈಯ ಮೇಲೇ ಅನುಮಾನ ಬಂತು, ಆತುರದಲ್ಲಿ ಹೆಚ್ಚಿಗೆ ಎಳೆಯುತ್ತಿದ್ದೇನೋ ಎಂದು. ಒಂದು ದಿನ ಅರ್ಧ ಗೇಣು ಮಾತ್ರ ಬಿಚ್ಚಿದೆ. ಮರುದಿನ ಅದು ಇನ್ನೂ ಹಿಂದಕ್ಕೆ ಹೋಗಿತ್ತು. ಬೆಕ್ಕು ಪಾಪ, ಹಿತ್ತಲಲ್ಲೇ ಇತ್ತು.

ಒಂದು ಬೆಳಿಗ್ಗೆ ಡೈರಿಗೆ ಹಾಲು ತೆಗೆದುಕೊಂಡು ಹೊರಟವಳು ಫೋನ್ ಮರೆತೆನೆಂದು ಅರ್ಧ ದಾರಿಯಿಂದ ವಾಪಸ್ ಬಂದೆ. ಎಳೆ ಬಿಸಿಲಿನಲ್ಲಿ ನಮ್ಮ ಯಜಮಾನರು ಜಗಲಿಯ ಮೇಲೆ ಕಂಬಳಿ ಹರಡಿಕೊಂಡು ಕೂತಿದ್ದಾರೆ. ಸಿಳ್ಳೆ ಹಾಕುತ್ತಾ ಹಾಯಾಗಿ ಎಳೆ ಎಳೆಯುತ್ತಿದ್ದಾರೆ, ಪಟಪಟನೆ ಬಿಚ್ಚಿಕೊಂಡು ಬರುತ್ತಿದೆ, ಉಂಡೆಗೆ ಸುತ್ತುತ್ತಿದ್ದಾರೆ.

"ರೀ!"

ಉಂಡೆ ಕೈಜಾರಿ ಅಂಗಳದವರೆಗೆ ಉರುಳಿತು.

"ತ... ತಪ್ಪೋಗಿತ್ತು ಕಣೆ. ಒಂದು ಕಣ್ಣು ತಪ್ಪೋಗಿತ್ತು, ಅದಕ್ಕೇ ಬಿಚ್ದೆ."

"ದಿನಾನೂ ತಪ್ಪೋಗ್ತೈತಾ?"

ನಾನು ಹಾಲಿನ ಕ್ಯಾನು ಕೆಳಗಿಟ್ಟು ಪಕ್ಕದಲ್ಲಿ ಕೂತೆ. ಸೊಂಟದ ಮೇಲೆ ಕೈಯಿಟ್ಟು ನಿಂತೇ ಕೇಳುವವಳು ನಾನು, ಅವತ್ತು ಯಾಕೋ ಕೂತೆ.

"ಏಣಿ ನೋಡುದ್ರೆ ಕಾಲು ನಡುಗ್ತೈತೆ ಕಣೆ," ಎಂದರು, ಕೈಯಲ್ಲಿದ್ದ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ. "ಹಲಸಿನ ಮರದ ಹತ್ರ ಹೋಗೋಕೂ ಆಗ್ತಿಲ್ಲ. ನೀನು ಆಣೆ ಹಾಕ್ಸಿದ್ದು ಒಳ್ಳೇದಾಯ್ತು, ಬದುಕ್ಕಂಡೆ ಅನ್ಕಂಡೆ. ಈ ಹಾಳಾದ ಅಂಚು ನೋಡುದ್ರೆ ಮುಗ್ದೇ ಹೋಗ್ತಾ ಐತೆ. ಸುರೇಂದ್ರಂಗೆ ಗೊತ್ತಾದ್ರೆ ಊರೆಲ್ಲ ಸಾರಿಕೊಂಡು ಬತ್ತಾನೆ. ಅವನಿಗೆ ಹೇಳ್ಬೇಡ್ವೇ."

ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಹೆದರಿಕೆ ಎನ್ನುವ ಅರ್ಥದ ಒಂದು ಮಾತು ಇವರ ಬಾಯಿಂದ ಬಂದದ್ದಿಲ್ಲ. ಹಾವು ಬಂದರೂ "ಇರ್ಲಿ ಬುಡು" ಎನ್ನುವವರು. ಅಯ್ಯೋ ನನ್ನಪ್ಪ, ಇಷ್ಟು ದಿನ ಒಬ್ಬರೇ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದರಲ್ಲ ಎಂದು ಸಂಕಟವಾಯಿತು.

"ನಾನೂ ಬಿಚ್ತಿದ್ದೆ ಕಣ್ರೀ," ಎಂದೆ. "ನೀವು ಸ್ನಾನಕ್ಕೋದಾಗ."

ಅವರು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡಿದರು. "ಅದಕ್ಕಾ! ನಾನು ಒಂದು ಗೇಣು ಬಿಚ್ಚಿದ್ರೆ ಎರಡು ಗೇಣು ಹೋಗ್ತಿತ್ತು. ಎಲ್ಲೋ ಗಾಳಿ ಗೀಳಿ ಮೆಟ್ಕಂಡೈತೆ ಕಂಬಳಿಗೆ ಅನ್ಕಂಡಿದ್ದೆ!"

ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಅವತ್ತು ಹಾಲು ಡೈರಿಗೆ ಹೋಗಲಿಲ್ಲ, ಪಾಯಸ ಮಾಡಿದೆ.

ಆದರೆ ಮೆಣಸು ನಮ್ಮ ಆಣೆಗೆ ಕಾಯುತ್ತದೆಯೇ? ಹಣ್ಣಾಗಿ ಉದುರತೊಡಗಿತು. ಕೊಯ್ಲಿನವರ ಮುಂದಾಳು ಕೆಂಚಮ್ಮ ತನ್ನ ಗುಂಪನ್ನು ಕಟ್ಟಿಕೊಂಡು ಬಂದು ಅಂಗಳದಲ್ಲಿ ನಿಂತೇ ಬಿಟ್ಟಳು.

"ಅಮ್ಮಾರೆ, ಇವತ್ತು ಸುರು ಮಾಡ್ಲಿಲ್ಲ ಅಂದ್ರೆ ನಾವು ಬೇರೆ ತೋಟಕ್ಕೆ ಹೋಯ್ತೀವಿ. ಆಮ್ಯಾಕೆ ಬಯ್ಬೇಡಿ."

ಏಣಿ ಹಲಸಿನ ಮರಕ್ಕೆ ಆಗಲೇ ಒರಗಿತ್ತು. ಗದ್ದಲ ಕೇಳಿ ಸುರೇಂದ್ರನೂ ಬಂದ. ಯಜಮಾನರು ಜಗಲಿಯಿಂದಲೇ, "ಆಣೆ ಐತಲ್ಲ ಮಾರಾಯ, ಅಂಚು ಮುಗಿದಿಲ್ಲ. ಏನ್ಮಾಡೋದು," ಎಂದರು.

ಸುರೇಂದ್ರ ಕಂಬಳಿ ಎತ್ತಿ ಬಿಡಿಸಿ ನೋಡಿದ. ತಿರುಗಿಸಿ ನೋಡಿದ. "ಅಲ್ಲ ಅಣ್ಣಯ್ಯ, ಸಂಕ್ರಾಂತಿಲಿ ಮೂರನೇ ಮೂಲೆ ದಾಟಿತ್ತು, ಈಗ ಎರಡನೇದ್ರ ಹತ್ರ ಐತೆ. ನೀನು ಹೆಣೀತಿರೋದು ಮುಂದಕ್ಕೋ ಹಿಂದಕ್ಕೋ?" ಎಲ್ಲರೂ ಕಿಸಕ್ಕನೆ ನಕ್ಕರು. ಅವನು ಅಷ್ಟಕ್ಕೇ ಬಿಡಬಾರದೆ? "ಏನಣ್ಣಯ್ಯ, ಹೆದ್ರಿಕೇನಾ?"

ನಮ್ಮವರ ಮುಖ ಕಪ್ಪಿಟ್ಟಿತು. ತಟಕ್ಕನೆ ಎದ್ದರು, ಪಂಚೆ ಎತ್ತಿ ಕಟ್ಟಿ ಹಲಸಿನ ಮರದ ಕಡೆ ಹೊರಟರು. ಆಣೆಯಿಲ್ಲ, ಗೀಣೆಯಿಲ್ಲ. ಅವರ ಕಾಲು ನಡುಗುವುದು ನನಗೆ ನಿಂತಲ್ಲಿಂದಲೇ ಕಾಣುತ್ತಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು.

ಅವರಿಗಿಂತ ಮೊದಲು ಹಿತ್ತಲಿಗೆ ಓಡಿ ಏಣಿ ಹಿಡಿದೆ. ಉಳಿದವರೂ ಹಿಂದೆಯೇ ಬಂದರು. "ಅಂಚು ಬಿಚ್ಚಿದ್ದು ನಾನು ಕಣೋ! ಇವರನ್ನ ಏಣಿ ಹತ್ತೋಕೆ ಬಿಡಲ್ಲ ಅಂತ ನಾನೇ ಬಿಚ್ದೆ. ಏನೀಗ?"

"ಸರಿ ಅತ್ತಿಗೆ, ಅದ್ಕೇನು," ಎಂದ ಸುರೇಂದ್ರ, ಇನ್ನೂ ನಗುತ್ತಾ. "ಗೊಂಚಲು ಕುಯ್ಯೋಕೆ ಮನೆ ಯಜಮಾನ್ರು ಬೇಕಲ್ಲ?"

"ಈ ಮನೇಲಿ ಯಜಮಾನಿಕೆ ಯಾರದು ಅಂತ ನಿಂಗೊತ್ತಿಲ್ವೇನೋ?" ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿಬಿಟ್ಟೆ.

ಹುಡುಗಿಯಾಗಿದ್ದಾಗ ಹತ್ತದ ಮರವಿಲ್ಲ. ಈಗ ಮೊಣಕಾಲು ಮೆಟ್ಟಿಲಿಗೊಮ್ಮೆ ಕಟಕ್ಕೆನ್ನುತ್ತದೆ, ಆ ಮಾತು ಬೇರೆ. ಗೊಂಚಲು ಕೈಗೆ ಸಿಗಲು ಇನ್ನು ಸ್ವಲ್ಪವೇ ಇತ್ತು. ಏಣಿ ಒಂದಿಷ್ಟು ಅಲುಗಿತು, ನಾನು "ಅಯ್ಯಪ್ಪಾ" ಎಂದೆ.

ಕೆಳಗಿನಿಂದ ಒಂದು ಕೂಗು ಬಂತು. ಯಾರದೆಂದು ಒಂದು ಕ್ಷಣ ತಿಳಿಯಲಿಲ್ಲ, ಅಂಥ ದನಿ ಅವರಲ್ಲಿ ನಾನು ಕೇಳಿಯೇ ಇರಲಿಲ್ಲ.

"ದೇವೀ, ಇಳಿಯೇ! ಇಳಿ ಅಂತೀನಿ! ನಂಗೆ ಹೆದ್ರಿಕೆ ಆಗ್ತೈತೆ!"

ಹಿತ್ತಲಲ್ಲಿ ಯಾರೂ ನಗಲಿಲ್ಲ. ಬಗ್ಗಿ ನೋಡಿದೆ. ಮರದ ಹತ್ತಿರ ಬರಲಾರೆ ಎಂದಿದ್ದ ಮನುಷ್ಯ ಏಣಿಯ ಬುಡವನ್ನು ಎರಡು ಕೈಯಲ್ಲೂ ತಬ್ಬಿ ಹಿಡಿದು, ಮುಖ ಮೇಲೆತ್ತಿ ನನ್ನನ್ನೇ ನೋಡುತ್ತಿದ್ದರು. ಸುರೇಂದ್ರ ಬಾಯಿ ಮುಚ್ಚಿಕೊಂಡು ಬಂದು ಏಣಿಯ ಇನ್ನೊಂದು ಕಾಲು ಹಿಡಿದ. ನಾನು ಕೈ ಚಾಚಿ ಗೊಂಚಲು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಏನಂದ್ರಿ?" ಎಂದೆ ಮೇಲಿನಿಂದ. "ಕೇಳುಸ್ಲಿಲ್ಲ."

"ಹೆದ್ರಿಕೆ ಕಣೆ! ನಂಗೆ ಹೆದ್ರಿಕೆ!" ಎಂದು ಅವರು ಮೊದಲಿಗಿಂತ ಜೋರಾಗಿ ಕೂಗಿದರು.

ಮೊದಲನೇ ಸಲವೇ ನನಗೆ ಚೆನ್ನಾಗಿ ಕೇಳಿಸಿತ್ತು.