ದೇರೆಬೈಲಿನವರಿಗೆ ಬರೆದ ಪತ್ರ

"ಮತ್ತು ಬಂಗುಡೆ ಮೀನು ಹುರಿಯುವವಳು," ಎಂದು ಜೊಕಿಮ್ ಗಂಟಲು ಸರಿಮಾಡಿಕೊಂಡು ಪುಟ ಮಗುಚಿದರು, "ಎಲ್ಲಕ್ಕಿಂತ ದೊಡ್ಡದನ್ನು ಮನೆಯ ಹಿರಿಯನ ತಟ್ಟೆಗೆ ಬಡಿಸಲಿ. ಇದು ಯುಕ್ತವೂ ನ್ಯಾಯವೂ ಆಗಿದೆ. ಪ್ರಭುವಿನ ವಾಕ್ಯವಿದು."

"ದೇವರಿಗೆ ಕೃತಜ್ಞತೆ ಸಲ್ಲಲಿ," ಎಂದು ಮನೆಮಂದಿ ಉತ್ತರಿಸಿದರು. ಮೊಮ್ಮಗಳು ಆಂಡ್ರಿಯಾಳಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಸೊಸೆ ಜಾನೆಟ್ ಅವಳ ಬೆನ್ನಿಗೆ ಬೇಕಾದ್ದಕ್ಕಿಂತ ಜೋರಾಗಿ ಗುದ್ದಿದಳು.

ದೇರೆಬೈಲಿನ ಆ ಮನೆಯಲ್ಲಿ ಸಂಜೆ ಏಳಕ್ಕೆ ಜಪಮಾಲೆ, ಅದು ಮುಗಿದ ಕೂಡಲೇ ಬೈಬಲ್‌ನ ಒಂದು ಅಧ್ಯಾಯ, ಆಮೇಲೆ ಊಟ. ನಲವತ್ತೆರಡು ವರ್ಷಗಳಿಂದ ಇದೇ ಕ್ರಮ. ಓದುವವರು ಜೊಕಿಮ್. ದೇವರ ಚಿತ್ರವಿಟ್ಟ ಅಲ್ತಾರಿನ ಪಕ್ಕದ ಬೆತ್ತದ ಕುರ್ಚಿ ಅವರದ್ದೇ. ಓದಿಗೆ ಉತ್ತರ ಹೇಳದವರಿಗೆ ಊಟವಿಲ್ಲ ಎಂಬ ಕಾನೂನೂ ಅವರದ್ದೇ. ಮಗ ಇರ್ವಿನ್ ಎಂಟನೇ ಕ್ಲಾಸಿನಲ್ಲಿ ಒಮ್ಮೆ ಹಟ ಹಿಡಿದು ಉಪವಾಸ ಮಲಗಿದ್ದುಂಟು.

ಇಷ್ಟೆಲ್ಲ ಇದ್ದೂ ಈಗ ಅವರಿಗೆ ಅಕ್ಷರವೇ ಕಾಣುತ್ತಿರಲಿಲ್ಲ. ಹಂಪನಕಟ್ಟೆಯ ಮುದ್ರಣಾಲಯವೊಂದರಲ್ಲಿ ಮೂವತ್ತೊಂದು ವರ್ಷ ಪ್ರೂಫ್ ತಿದ್ದಿದ ಕಣ್ಣು ಅದು. ಮದುವೆಯ ಕಾಗದ ಕೈಗೆ ಬಂದರೆ ಮದುಮಕ್ಕಳ ಹೆಸರಿಗಿಂತ ಮೊದಲು ಬಿಟ್ಟುಹೋದ ಕೊಂಬು ಕಾಣುತ್ತಿತ್ತು. ಕಳೆದ ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಕನ್ನಡ ಲಿಪಿಯ ಕೊಂಕಣಿ ಬೈಬಲ್‌ನ ಸಾಲುಗಳು ಮೊದಲು ಇರುವೆಗಳಾದವು, ಆಮೇಲೆ ಗಂಜಿಯಾದವು. ಮೊದಲ ದಿನ ಬಾಯಿಪಾಠ ಬರುವುದನ್ನು ಹೇಳಿ ಪಾರಾದರು. ಮರುದಿನ ಮರೆತಲ್ಲಿ ತೇಪೆ ಹಾಕಿದರು. ನಾಲ್ಕನೆಯ ದಿನಕ್ಕೆ ಬರೀ ತೇಪೆಯೇ ಉಳಿದಿತ್ತು.

ನಿಜ ಹೇಳಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಜಾನೆಟ್ ಆಸ್ಪತ್ರೆಯಲ್ಲಿ ನರ್ಸ್, ಮರುದಿನವೇ ಆಪರೇಷನ್ನಿಗೆ ಮಲಗಿಸಿಬಿಡುತ್ತಾಳೆ. ಕಣ್ಣಿಗೆ ಕತ್ತರಿ ಎಂದರೆ ಜೊಕಿಮರಿಗೆ ಮೊದಲಿಂದಲೂ ಹೆದರಿಕೆ. ಅದಕ್ಕಿಂತ ದೊಡ್ಡ ಹೆದರಿಕೆ ಕುರ್ಚಿಯದ್ದು. ಅದು ಇರ್ವಿನ್‌ಗೆ ಹೋಗುತ್ತದೆ, ಅವನು ಓದುವುದೋ ಕಂಡಕ್ಟರು ಸ್ಟಾಪು ಕೂಗಿದ ಹಾಗೆ. ಓದದ ಜೊಕಿಮ್ ಎಂದರೆ ಹೋದ ವರ್ಷದ ಕ್ಯಾಲೆಂಡರು. ಆದ್ದರಿಂದ ಬಾಯಿ ಮುಚ್ಚಿಕೊಂಡರು, ಅಂದರೆ ಓದುತ್ತಲೇ ಹೋದರು.

ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದಿದ್ದುದಷ್ಟೇ ಅಲ್ಲ, ಹೇಳಿದ್ದೆಲ್ಲ ನಡೆಯತೊಡಗಿತು. ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ಎಂದು ಶುರುವಾದ ಪತ್ರ ನೇರ ದೇರೆಬೈಲಿಗೆ ಬಂದು ತಲುಪುತ್ತಿತ್ತು. ಅನ್ನದ ಮುಂದೆ ಕೂತು ಬೆರಳಿನಿಂದ ಗಾಜು ಉಜ್ಜುವವಳಿಗೆ ಧಿಕ್ಕಾರ ಎಂದ ದಿನ ಆಂಡ್ರಿಯಾ ಮೊಬೈಲನ್ನು ಕಪಾಟಿನಲ್ಲಿಟ್ಟಳು. ಬಿಸಿನೀರನ್ನು ಹೊಳೆಯಂತೆ ಹರಿಸುವವನ ಗತಿ ಕೇಳಿ ಇರ್ವಿನ್ ಗೀಸರ್ ಆಫ್ ಮಾಡಲು ಕಲಿತ. ಅಸಲು ವಾಕ್ಯ ಓದಿ ನಲವತ್ತೆರಡು ವರ್ಷದಲ್ಲಿ ಆಗದ್ದು ಐದೇ ತಿಂಗಳಲ್ಲಿ ಆಯಿತು. ಬಂಗುಡೆಗೆ ಸಹ ಈಗ ಮುಳ್ಳಿರುತ್ತಿರಲಿಲ್ಲ. "ಈ ಸಲದ ಬಂಗುಡೆ ಒಳ್ಳೆ ಜಾತಿದ್ದು," ಎಂದು ಜೊಕಿಮ್ ಹೊಗಳುತ್ತಲೇ ಉಣ್ಣುತ್ತಿದ್ದರು. ಎಡವಟ್ಟಾದದ್ದು ಒಂದೇ ದಿನ. ಪಕ್ಕದ ಮನೆಯ ಸುಂದರ ಎಂಬವನು ಜಗಲಿಯಲ್ಲಿ ನೇತುಹಾಕಿದ್ದ ರೈನ್‌ಕೋಟನ್ನು ಅವನೇ ಎಂದುಕೊಂಡು ಅದರೊಡನೆ ಐದು ನಿಮಿಷ ಕ್ಷೇಮಸಮಾಚಾರ ಮಾತಾಡಿದ್ದರು. ರೈನ್‌ಕೋಟು ಮರ್ಯಾದಸ್ಥ, ಯಾರಿಗೂ ಹೇಳಿದ ಹಾಗಿರಲಿಲ್ಲ.

ರುಚಿ ಹತ್ತಿದ ಮೇಲೆ ಮನುಷ್ಯ ಸುಮ್ಮನಿರುತ್ತಾನೆಯೇ? ಕೊಲೆಸ್ಟರಾಲ್ ಎಂದು ಎರಡು ವರ್ಷದಿಂದ ಹಂದಿ ಮಾಂಸ ನಿಂತಿತ್ತು. ಬಂಗುಡೆಯ ವಾಕ್ಯ ಫಲಿಸಿದ ವಾರದಲ್ಲೇ, ಶನಿವಾರ, ಜೊಕಿಮ್ ಧೈರ್ಯ ಮಾಡಿದರು.

"ಆಗ ಮೋಶೆಯು ಬೆಟ್ಟದಿಂದ ಇಳಿದು ಬಂದು ಜನರಿಗೆ, ನಾಳೆ ಭಾನುವಾರವು, ಹಂದಿ ಮಾಂಸವನ್ನು ಕೊಬ್ಬು ಸಮೇತ ಬೇಯಿಸಿರಿ ಎಂದನು."

"ಆಬ್," ಎಂದಳು ಆಂಡ್ರಿಯಾ. ಅಜ್ಜನನ್ನು ಅವಳು ಕರೆಯುವುದು ಹಾಗೆ. "ಮೋಶೆಗೆ ಹಂದಿ ಆಗುದಿಲ್ಲ ಅಲ್ವಾ? ನಮಗೆ ಚರ್ಚಿನ ಕ್ಯಾಟಿಕಿಸಂ ಕ್ಲಾಸಿನಲ್ಲಿ ಹೇಳಿದ್ದಾರೆ."

ಜೊಕಿಮ್ ಇನ್ನೊಂದು ಪುಟ ಮಗುಚಿದರು. "ಇದು ಹೊಸ ಅನುವಾದ."

"ಎಂತ ಅನುವಾದ ಮಾರಾಯ್ರೆ ಅದು!" ಮೂಲೆಯಿಂದ ಹೆಂಡತಿ ಆನಿ ಎದ್ದು ಬಂದರು. "ಕೊಡಿ ಇಲ್ಲಿ. ಉಳಿದದ್ದು ಇವತ್ತು ನಾನು ಓದ್ತೇನೆ."

ಪುಸ್ತಕ ಕೈಯಿಂದ ಹೋಯಿತು. ಆನಿಯ ಮುಖದ ಮೇಲೆ ಕನ್ನಡಕದ ಮಿನುಗು ಇಲ್ಲ ಎಂಬುದು ಜೊಕಿಮರಿಗೂ ಕಂಡಿತು. ಕನ್ನಡಕವಿಲ್ಲದೆ ಆನಿಗೆ ಅಕ್ಕಿಯ ಕಲ್ಲು ಸಹ ಕಾಣುವುದಿಲ್ಲ.

"ಒಂದು ಊರಲ್ಲಿ ಒಬ್ಬ ಮುದುಕ ಇದ್ದ," ಆನಿ ಶುರುಮಾಡಿದರು. "ಅವನ ಕಣ್ಣಿಗೆ ಬಿಳಿ ಪರೆ ಬಂದಿತ್ತು. ಮಗ ಮೀನಿನ ಪಿತ್ತ ತಂದು ಹಚ್ಚಿದ, ಪರೆ ಸುಲಿದು ಬಂತು."

ಇದು ಬೈಬಲ್‌ನಲ್ಲಿ ಇರುವ ಕಥೆಯೇ. ಜೊಕಿಮ್ ಒಮ್ಮೆ ಅದರ ಪ್ರೂಫನ್ನೂ ತಿದ್ದಿದ್ದರು. ಆದರೆ ಆನಿ ಅಲ್ಲಿಗೆ ನಿಲ್ಲಿಸಲಿಲ್ಲ.

"ಇನ್ನೊಂದು ಊರಲ್ಲಿ ಇನ್ನೊಬ್ಬ ಮುದುಕ ಇದ್ದ. ಅವನಿಗೂ ಪರೆ ಬಂತು. ಅವನು ರೈನ್‌ಕೋಟಿನ ಹತ್ತಿರ ಊಟ ಆಯ್ತಾ ಕೇಳಿದ. ಹೆಂಡತಿ ನೋಡಿಯೂ ನೋಡದ ಹಾಗೆ ಇದ್ದಳು, ಪಾಪ, ಅವನಿಗೆ ನಾಚಿಕೆ ಆಗುದು ಬೇಡ ಅಂತ. ಈಗ ಸೊಸೆ ಮಂಗಳವಾರ ಹತ್ತು ಗಂಟೆಗೆ ಡಾಕ್ಟ್ರ ಹತ್ತಿರ ಮಾತಾಡಿ ಇಟ್ಟಿದ್ದಾಳೆ. ಹೆಂಡತಿ ಬಾಗಿಲ ಹೊರಗೇ ಕೂತಿರ್ತಾಳೆ, ಎಲ್ಲಿಗೂ ಹೋಗುದಿಲ್ಲ. ಕಣ್ಣು ಸರಿಯಾದ ಮೇಲೆ ಕುರ್ಚಿ ಅವನದ್ದೇ, ಪುಸ್ತಕವೂ ಅವನದ್ದೇ. ಆಮೇಲೆ ಒಂದು ಭಾನುವಾರ ಹಂದಿ ಮಾಂಸ ಮಾಡುದು. ಅವನಿಗೆ ನಾಲ್ಕು ತುಂಡು. ಐದನೆಯದು ಪಾಪ. ಪ್ರಭುವಿನ ವಾಕ್ಯವಿದು."

"ದೇವರಿಗೆ ಕೃತಜ್ಞತೆ ಸಲ್ಲಲಿ!" ಇರ್ವಿನ್, ಜಾನೆಟ್, ಆಂಡ್ರಿಯಾ ಒಂದೇ ಉಸಿರಿಗೆ ಹೇಳಿದರು.

ಅಲ್ಲಿ ಹಾಗೆ ಬರೆದಿಲ್ಲ ಎನ್ನಲು ಜೊಕಿಮ್ ಬಾಯಿ ತೆರೆದರು. ಹಾಗಾದರೆ ಹೇಗೆ ಬರೆದಿದೆ, ಓದಿ ತೋರಿಸಿ ಎಂದುಬಿಟ್ಟರೆ? ಬಾಯಿ ಮುಚ್ಚಿದರು. ಮೊದಲು ಸಿಟ್ಟು ಬಂತು, ಅದರ ಹಿಂದೆಯೇ ನಾಚಿಕೆ. ಐದು ತಿಂಗಳು ಇವರೆಲ್ಲ ಗೊತ್ತಿದ್ದೇ ತಲೆಬಾಗಿಸಿ ಕೂತಿದ್ದರಲ್ಲ! ಯಾರೂ ಏಳಲಿಲ್ಲ. ಒಳಗೆ ಮೀನು ತಣ್ಣಗಾಗುತ್ತಿತ್ತು.

"ಉತ್ತರ ಹೇಳದಿದ್ರೆ ಊಟ ಇಲ್ಲ, ಆಬ್," ಎಂದಳು ಆಂಡ್ರಿಯಾ ಮೆಲ್ಲಗೆ.

"ದೇವರಿಗೆ," ಎಂದರು ಜೊಕಿಮ್. ಕುರ್ಚಿಯಿಂದ ಎದ್ದು ಉಳಿದದ್ದನ್ನೂ ಹೇಳಿದರು.

ಬಡಿಸಿಯಾದ ಮೇಲೆ ಕೂಗಿದಾಗ ಊಟಕ್ಕೆ ಬರುವುದು ಅವರ ರೂಢಿ. ಈ ದಿನ ಕಾಯಲಿಲ್ಲ, ಆನಿಯ ಹಿಂದೆಯೇ ಮೇಜಿಗೆ ಬಂದು ಕೂತು ತಟ್ಟೆಗೆ ಕೈಹಾಕಿದರು. ಬಂಗುಡೆಯ ಮೇಲೆ ಆಗಲೇ ಆನಿಯ ಬೆರಳುಗಳಿದ್ದವು.

"ತಡೀರಿ," ಎಂದರು ಆನಿ. "ಇನ್ನೆರಡು ಮುಳ್ಳು ಉಂಟು."