ಉಜ್ಜಿದ್ದನ್ನೂ ಬರೆಯಿರಿ

ಮೊದಲು ನಮ್ಮವರ ಸೊಂಟದ ವಿಷಯ ಹೇಳಿಬಿಡುತ್ತೇನೆ. ನನ್ನ ತಪ್ಪಿನ ವಿಷಯ ಆಮೇಲೆ.

ನಮ್ಮವರು ನಲವತ್ತು ವರ್ಷ ಬಸ್ ಓಡಿಸಿದವರು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದು ಮೂರು ವಾರವಾಗಿತ್ತು. ಎಡಗೈ, ಎಡಗಾಲಿನಲ್ಲಿ ಬಲವಿಲ್ಲ, ಮಾತು ತೊದಲು. ಒಂದು ದಿನ ಬೆಳಿಗ್ಗೆ ಮೈ ಒರೆಸುವಾಗ ನೋಡಿದರೆ ಬಲ ಸೊಂಟದ ಮೂಳೆಯ ಮೇಲೆ ನಿಂಬೆಹಣ್ಣಿನ ಹೋಳಿನಷ್ಟಗಲ ಕೆಂಪು. ಹಾಸಿಗೆ ಹುಣ್ಣು ಶುರುವಾಗುವುದು ಹಾಗೆಯೇ. ಒಮ್ಮೆ ಬಾಯಿ ಬಿಟ್ಟರೆ ಮೂಳೆಯವರೆಗೂ ಹೋಗಬಹುದು, ನಂಜೇರಬಹುದು, ಜೀವಕ್ಕೇ ಕುತ್ತಾಗಬಹುದು.

ನನಗೆ ಇದೆಲ್ಲ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂವತ್ತೆರಡು ವರ್ಷ ನರ್ಸ್ ಆಗಿದ್ದವಳು ನಾನು. ಸ್ಪಿರಿಟ್ ಬಾಟಲಿ ತೆಗೆದೆ, ಚೆನ್ನಾಗಿ ಉಜ್ಜಿದೆ, ಪೌಡರ್ ಹಾಕಿದೆ, ಗಾಳಿ ತುಂಬಿದ ರಬ್ಬರ್ ರಿಂಗನ್ನು ಸೊಂಟದಡಿ ಇಟ್ಟೆ. ವಾರ್ಡಿನಲ್ಲಿ ಮಾಡುತ್ತಿದ್ದುದು ಇದನ್ನೇ. ಆದರೂ ಕೂತಲ್ಲಿ ಕೂರಲಾಗಲಿಲ್ಲ. ಗಂಟೆಗೊಮ್ಮೆ ಹೊದಿಕೆ ಎತ್ತಿ ನೋಡುವುದು, ಮತ್ತೆ ಉಜ್ಜುವುದು.

"ಸುಮ್ಮನಿರಲಾರದೆ ಇರುವೆ ಬಿಟ್ಕೊಳ್ಳೋಳು ಇವಳು," ಎಂದು ನಮ್ಮವರು ತೊದಲುತ್ತಲೇ ಗೊಣಗಿದರು.

ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ನನಗೆ ಹೇಳದೆ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿಬಿಟ್ಟಳು. ಮಧ್ಯಾಹ್ನ ಮನೆ ಭೇಟಿಯ ನರ್ಸ್ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಗುರುತು ಸಿಕ್ಕಿತು. ಯಾಕಮ್ಮ!

ಅದು ಅವಳ ಹೆಸರಲ್ಲ, ನಾವಿಟ್ಟ ಅಡ್ಡಹೆಸರು. ನನ್ನ ಕೈಕೆಳಗೆ ಕಲಿಯಲು ಬಂದಿದ್ದ ಹುಡುಗಿ. ಏನು ಹೇಳಿದರೂ "ಯಾಕೆ ಸಿಸ್ಟರ್?" ಎನ್ನುವಳು. "ಹೇಳಿದಷ್ಟು ಮಾಡು" ಎಂದು ಎಷ್ಟು ಸಲ ಗದರಿದ್ದೇನೋ.

ಅವಳು ಕೈ ತೊಳೆದು ಬಂದು ಕೆಂಪು ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟಳು. ಅಲ್ಲಿ ಬಣ್ಣ ಬಿಳಿಚಲೇ ಇಲ್ಲ.

"ಒತ್ತಿದಾಗ ಬಿಳಿಚಿಕೊಂಡ್ರೆ ಅಷ್ಟು ಭಯ ಇಲ್ಲ ಸಿಸ್ಟರ್. ಇದು ಬಿಳಿಚ್ತಿಲ್ಲ. ಒಳಗೆ ಪೆಟ್ಟಾಗೋಕೆ ಶುರುವಾಗಿದೆ. ಉಜ್ಜೋದು ನಿಲ್ಲಿಸಿ. ರಿಂಗೂ ಬೇಡ."

ನನಗೆ ಮೈಯೆಲ್ಲ ಉರಿಯಿತು. "ಅಜ್ಜಿಗೆ ಕೆಮ್ಮು ಕಲಿಸೋಕೆ ಬಂದ್ಯಾ? ಈ ಕೈಯಲ್ಲಿ ಎಷ್ಟು ಜನ ವಾಸಿಯಾಗಿದ್ದಾರೆ ಗೊತ್ತಾ?"

"ಅದನ್ನೇ ಕೇಳೋಣ ಅಂತಿದ್ದೆ. ಎಷ್ಟು ಜನ? ಉಜ್ಜಿದ ಮೇಲೂ ಹುಣ್ಣಾದೋರು ಎಷ್ಟು ಜನ?"

ನಾನು ಎಣಿಸಹೊರಟೆ. ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿದ್ದ ಬಡಗಿಯೊಬ್ಬ ನೆನಪಾದ. ದಿನಕ್ಕೆ ಮೂರು ಸಲ ಅವನ ಬೆನ್ನು ಉಜ್ಜಿದ್ದೆ. ಹುಣ್ಣಾಯಿತು, ಎರಡು ತಿಂಗಳು ನರಳಿದ. ಆಗ ನಾವೆಲ್ಲ ಅವನ ಹಣೆಬರಹ ಎಂದಿದ್ದೆವು.

"ವಾಸಿಯಾದ್ರೆ ನಮ್ಮ ಕೈಗುಣ, ಆಗದಿದ್ರೆ ಅವರ ಹಣೆಬರಹ," ಎಂದಳು ಯಾಕಮ್ಮ. ದನಿಯಲ್ಲಿ ಕುಹಕವಿರಲಿಲ್ಲ. "ನಾನೂ ಹಾಗೇ ಅಂತಿದ್ದೆ. ಸಂಶೋಧನೆ ಅಂದ್ರೆ ದೊಡ್ಡ ವಿದ್ಯೆ ಏನಲ್ಲ ಸಿಸ್ಟರ್. ಎರಡೂ ಥರದವರನ್ನ ಬಿಡದೆ ಎಣಿಸೋದು. ಒತ್ತಡ ಬಿದ್ದ ಕಡೆ ಒಳಗಿನ ಸಣ್ಣ ರಕ್ತನಾಳ ಮೊದಲೇ ನೊಂದಿರುತ್ತೆ, ಮೇಲೆ ಉಜ್ಜಿದ್ರೆ ಇನ್ನೂ ಹಾಳಾಗಬಹುದು. ರಿಂಗು ನಡುವೆ ಖಾಲಿ ಬಿಟ್ರೂ ಸುತ್ತಲೂ ಒತ್ತುತ್ತೆ."

"ಯಾರೋ ಒಬ್ಬರು ಬರೆದ್ರು ಅಂತ ನಂಬಿಬಿಡೋದಾ?"

"ಒಬ್ಬರ ಮಾತಾಗಿದ್ರೆ ನಾನೂ ನಂಬ್ತಿರಲಿಲ್ಲ. ನಿಮಗೆ ಗೊತ್ತಲ್ಲ ನನ್ನ ಬುದ್ಧಿ!" ಎಂದು ನಕ್ಕಳು. "ಬೇರೆ ಬೇರೆ ಕಡೆ ನಡೆದ ಅಧ್ಯಯನಗಳನ್ನ ಒಟ್ಟಿಗಿಟ್ಟು, ಎಷ್ಟು ರೋಗಿಗಳನ್ನ ನೋಡಿದ್ರು, ಲೆಕ್ಕ ಸರಿಯಾ ಅಂತ ಜರಡಿ ಹಿಡಿದು ಮಾರ್ಗಸೂಚಿ ಬರೀತಾರೆ. ಹೊಸದು ತಿಳಿದ್ರೆ ಅದನ್ನೂ ತಿದ್ದುತಾರೆ. ಸದ್ಯಕ್ಕೆ ಬಲಕ್ಕೆ ಮಲಗಿಸೋದು ಬೇಡ. ಎರಡು ಗಂಟೆಗೊಮ್ಮೆ ಎಡಕ್ಕೆ ಸ್ವಲ್ಪ ವಾಲಿಸಿ, ಆಮೇಲೆ ಅಂಗಾತ. ಬೆನ್ನೂ ಹಿಮ್ಮಡಿನೂ ದಿನಾ ನೋಡಿ, ಎಷ್ಟು ಗಂಟೆಗೊಮ್ಮೆ ಅನ್ನೋದನ್ನೂ ಚರ್ಮ ನೋಡಿ ಬದಲಾಯಿಸೋಣ. ಮಾಡಿದ್ದನ್ನೆಲ್ಲ ಬರೀರಿ."

ಮಗಳು ಅಂಗಡಿಯ ರದ್ದಿ ಹಾಳೆಯ ಹಿಂದೆ ಗೆರೆ ಎಳೆದು ಗೋಡೆಗೆ ಅಂಟಿಸಿದಳು. ಗಂಟೆ, ಯಾವ ಮಗ್ಗಲು, ಜಾಗ ಹೇಗಿದೆ.

ಆದರೆ ನಮ್ಮವರು ಬಗ್ಗಲಿಲ್ಲ. ಎಡಕ್ಕೆ ವಾಲಿಸಿ ದಿಂಬು ಕೊಟ್ಟರೆ ಅದನ್ನು ಕಿತ್ತೆಸೆದು, ಮಂಚದ ಪಟ್ಟಿ ಹಿಡಿದು ಬಲಕ್ಕೇ ಹೊರಳುವರು. ನಾನು ರೇಗಿದೆ, ಮಗಳು ಅತ್ತಳು. ಮರುದಿನ ಯಾಕಮ್ಮ ಬಂದಾಗ ಚಾಡಿ ಹೇಳಿದೆವು. ಅವಳು ಅವರ ಪಕ್ಕ ಮೊಣಕಾಲೂರಿ ಕೂತು ತನ್ನ ಹಳೇ ಪ್ರಶ್ನೆಯನ್ನೇ ಕೇಳಿದಳು.

"ಯಾಕೆ ಅಪ್ಪಾಜಿ?"

ಅವರು ಬಹಳ ಹೊತ್ತು ತಡವರಿಸಿದರು. "ಗೋಡೆ... ರೋಡು ಕಾಣಲ್ಲ."

ಬಲಕ್ಕೆ ಬಾಗಿಲು, ಎಡಕ್ಕೆ ಗೋಡೆ. ನಲವತ್ತು ವರ್ಷ ರಸ್ತೆ ನೋಡಿದ ಕಣ್ಣು. ಮೂರು ವಾರದಿಂದ ಅವರನ್ನು ತೊಳೆದಿದ್ದೆ, ಉಣಿಸಿದ್ದೆ, ಆದರೆ ಒಂದು ಮಾತೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

"ಸಂಶೋಧನೆ ಏನು ಹೇಳುತ್ತೆ ಅನ್ನೋದು ಒಂದು, ನಮ್ಮ ಅನುಭವ ಇನ್ನೊಂದು," ಎಂದಳು ಯಾಕಮ್ಮ. "ಮಲಗಿರೋರಿಗೆ ಏನು ಬೇಕು ಅನ್ನೋದೂ ಸೇರಿದ್ರೇನೇ ಸರಿಯಾದ ಆರೈಕೆ."

ಮೂವರೂ ಸೇರಿ ಮಂಚ ತಿರುಗಿಸಿದೆವು. ಕಾಲು ಬಾಗಿಲ ಕಡೆ, ತಲೆಯಡಿ ತುಸು ಎತ್ತರ. ಈಗ ಎಡಕ್ಕೆ ವಾಲಿದರೂ ರಸ್ತೆ, ಅಂಗಾತ ಮಲಗಿದರೂ ರಸ್ತೆ.

"ಡ್ರೈವರ್ ಸೀಟು," ಎಂದರು ನಮ್ಮವರು. ಅರ್ಧ ಮುಖದಲ್ಲಿ ನಗು.

ಇನ್ನು ನನ್ನ ತಪ್ಪು. ಅದೇ ಮಧ್ಯಾಹ್ನ ಯಾಕಮ್ಮ ಹೋದ ಮೇಲೆ, ಮಗಳು ಅಂಗಡಿಗೆ ಹೊರಟ ಮೇಲೆ, ಹೊದಿಕೆ ಎತ್ತಿ ನೋಡಿದೆ. ಕೆಂಪು ಹಾಗೇ ಇತ್ತು. ಏನೂ ಮಾಡದೆ ಕೂರುವುದು ನನ್ನಿಂದಾಗಲಿಲ್ಲ. ಅವರು ನಿದ್ದೆಯಲ್ಲಿದ್ದಾಗ ಸ್ಪಿರಿಟ್ ತೆಗೆದು ಐದು ನಿಮಿಷ ಉಜ್ಜಿಬಿಟ್ಟೆ. ಹಾಳೆಯಲ್ಲಿ ಬರೆಯಲಿಲ್ಲ. ಸಂಜೆಗೆ ಆ ಜಾಗ ಕಪ್ಪೇರಿದಂತೆ ಕಂಡಿತು, ಮುಟ್ಟಿದರೆ ಬಿಸಿ. ಆಮೇಲೆ ಬಾಟಲಿಯನ್ನು ಅಟ್ಟದ ಮೇಲಿಟ್ಟು ಏಣಿಯನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ.

ನಾಲ್ಕನೇ ದಿನ ಒತ್ತಿದಾಗ ಬೆರಳ ಗುರುತು ಬಿಳಿಯಾಗಿ ಮೂಡಿತು. ಒಂಬತ್ತನೇ ದಿನಕ್ಕೆ ಕೆಂಪು ಮಾಯ. ಮಗಳು ಕುಣಿದಾಡಿದಳು.

"ನಿನ್ನ ಕೈಗುಣ ಕಣೇ," ಎಂದೆ ಯಾಕಮ್ಮನಿಗೆ.

"ಬೇಡಿ ಸಿಸ್ಟರ್, ಆ ಮಾತು! ಒಬ್ಬರು ವಾಸಿಯಾದ ಮಾತ್ರಕ್ಕೆ ಅದು ಸಾಕ್ಷಿ ಅಲ್ಲ. ಈ ಥರ ನಲವತ್ತು ಮನೆಯ ಹಾಳೆ ಒಟ್ಟು ಮಾಡ್ತಿದ್ದೀವಿ. ಹೆಸರು ಎಲ್ಲೂ ಬರಲ್ಲ. ನಿಮ್ಮದನ್ನ ತಗೊಳ್ಳಲಾ? ಅಪ್ಪಾಜಿ, ನೀವು ಬೇಡ ಅಂದ್ರೆ ಬೇಡ."

ನಮ್ಮವರು ತಲೆಯಾಡಿಸಿ ಒಪ್ಪಿದರು. ಅವಳು ಗೋಡೆಯಿಂದ ಹಾಳೆ ಬಿಡಿಸತೊಡಗಿದಳು. ಎರಡನೇ ದಿನ ಸಂಜೆಯ ಸಾಲಿನಲ್ಲಿ ಮಗಳು "ಹೆಚ್ಚು ಕಪ್ಪು, ಬಿಸಿ, ಕಾರಣ ಗೊತ್ತಿಲ್ಲ" ಎಂದು ಬರೆದಿದ್ದಳು. ಕಾರಣ ಗೊತ್ತಿದ್ದವಳು ನಾನೊಬ್ಬಳೇ. ಆ ಬಡಗಿಗೆ ಉಜ್ಜಿದ್ದರಿಂದಲೇ ಹುಣ್ಣಾಯಿತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಯಾಕೆಂದರೆ ನಾವು ಏನನ್ನೂ ಬರೆದಿಡಲಿಲ್ಲ.

"ತಾಳು," ಎಂದೆ. ಪೆನ್ನು ತೆಗೆದುಕೊಂಡು ಬರೆದೆ: ಎರಡನೇ ದಿನ, ಮಧ್ಯಾಹ್ನ ಮೂರು ಗಂಟೆ, ಉಜ್ಜಿದೆ.

ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು. ಯಾಕಮ್ಮ ಆ ಸಾಲು ಓದಿ ನನ್ನ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡಳು. "ಈಗ ಈ ಹಾಳೆಗೆ ಬೆಲೆ ಬಂತು ಸಿಸ್ಟರ್."

ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಈ ಕಾಗದ ಕೆಳಗಿಟ್ಟು ಮೊದಲು ಅವರ ಬೆನ್ನು, ಸೊಂಟ, ಹಿಮ್ಮಡಿ ನೋಡಿ ಬನ್ನಿ. ಕೆಂಪಾಗಿದ್ದರೆ, ಕಪ್ಪಗಿನ ಮೈಯಾದರೆ ಬಿಸಿ ಅಥವಾ ಗಟ್ಟಿ ಅನಿಸಿದರೆ, ಉಜ್ಜಬೇಡಿ. ಭಾರ ತಪ್ಪಿಸಿ, ನರ್ಸನ್ನು ಕರೆಯಿರಿ. ಅವರು ಹೇಳಿದ್ದಕ್ಕೆ "ಯಾಕೆ?" ಎಂದು ಧೈರ್ಯವಾಗಿ ಕೇಳಿ.

ನರ್ಸ್ ಅಕ್ಕಂದಿರೇ, ನಿಮ್ಮ ವಾರ್ಡಿನಲ್ಲೂ ಒಬ್ಬಳು ಯಾಕಮ್ಮ ಇರುತ್ತಾಳೆ. ಅವಳ ಬಾಯಿ ಮುಚ್ಚಿಸಬೇಡಿ. ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಹುಡುಕೋಣ" ಅನ್ನಿ. ನಾನು ಆ ಮಾತನ್ನು ಮೂವತ್ತೆರಡು ವರ್ಷದಲ್ಲಿ ಒಂದು ಸಲ ಹೇಳಿದ್ದರೂ, ಆ ಬಡಗಿಯ ಬೆನ್ನಿಗೆ ಯಾಕೆ ಹುಣ್ಣಾಯಿತೆಂದು ಇವತ್ತು ನನಗೆ ಗೊತ್ತಿರುತ್ತಿತ್ತು.