ಮಲಾಕಿ ಟಾರ್ಪಿಯ ‘ಬೇಡ ಬಿಡಿ’

ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ರೈಲನ್ನು ತಡ ಮಾಡದ ಮಲಾಕಿ ಟಾರ್ಪಿ, ಮಗಳ ಮದುವೆಯ ದಿನವೇ ಕಿಲ್‌ಕೋರನ್ ಸ್ಟೇಷನ್ನಿನಲ್ಲಿ ಎಂಜಿನ್ನಿನಿಂದ ಕೆಳಗಿಳಿದು, ಕೈ ಒರೆಸಿಕೊಂಡು, ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತುಬಿಟ್ಟ.

ಕಾರಣ ಹಿಂದಿನ ಡಬ್ಬಿಯಲ್ಲಿತ್ತು. ಹನ್ನೆರಡು ಜನ ಇಂಗ್ಲಿಷ್ ಸಿಪಾಯಿಗಳು ಬಂದೂಕು ಸಮೇತ ಹತ್ತಿ ಕೂತಿದ್ದರು. ಬಂದೂಕು ಹತ್ತಿದರೆ ರೈಲು ಹೊರಡುವುದಿಲ್ಲ. 1920ರ ಬೇಸಿಗೆಯಿಂದ ಐರ್ಲೆಂಡಿನ ರೈಲ್ವೆ ಕೆಲಸಗಾರರು ಹಿಡಿದ ಹಟ ಅದು. ಹೊಡೆದಾಟವಿಲ್ಲ, ಕೂಗಾಟವಿಲ್ಲ. ಡ್ರೈವರ್ ಕೆಳಗಿಳಿಯುತ್ತಾನೆ, ಅಷ್ಟೇ. ಸಿಪಾಯಿಗಳು ಇಳಿದರೆ ಅವನು ಹತ್ತುತ್ತಾನೆ, ಇಳಿಯದಿದ್ದರೆ ಕೂತೇ ಇರುತ್ತಾನೆ. ಹೀಗೆ ಕೂತು ನೂರಾರು ಜನ ಕೆಲಸ ಕಳೆದುಕೊಂಡಿದ್ದರು. ಮಲಾಕಿಯ ಈ ಪುಟ್ಟ ಮಾರ್ಗದ ಕಡೆಗೆ ಮಾತ್ರ ಆರು ತಿಂಗಳಿಂದ ಒಬ್ಬ ಸಿಪಾಯಿಯೂ ತಲೆ ಹಾಕಿರಲಿಲ್ಲ. ಹಾಕಲು ಅವರಿಗೆ ಸಿಕ್ಕಿದ್ದು ನವೆಂಬರಿನ ಇದೇ ಶನಿವಾರ.

ಹದಿನಾಲ್ಕು ಮೈಲಿ ಆಚೆ ಬ್ಯಾಲಿನ್‌ರೋ ಚರ್ಚಿನಲ್ಲಿ ಮಗಳು ಡೆಲಿಯಾ ಕಾಯುತ್ತಿದ್ದಳು. ಮದುಮಗ ಫೆಲಿಮ್ ಮತ್ತು ಅವನ ತಾಯಿ ಹನೋರಾ ಇದೇ ರೈಲಿನಲ್ಲಿದ್ದರು. ಬೀಗರನ್ನು ಹೊತ್ತಿಗೆ ಸರಿಯಾಗಿ ತಾನೇ ತಲುಪಿಸುತ್ತೇನೆಂದು ಮಲಾಕಿ ಜಂಬ ಕೊಚ್ಚಿಕೊಂಡು, ಬೇರೆಯವನ ಪಾಳಿ ಕೇಳಿ ಪಡೆದಿದ್ದ. ರೈಲು ಬ್ಯಾಲಿನ್‌ರೋ ತಲುಪಬೇಕಾದದ್ದು ಹತ್ತು ನಲವತ್ತೊಂದಕ್ಕೆ, ಮದುವೆಯ ಪೂಜೆ ಹನ್ನೊಂದಕ್ಕೆ. ತಡವಾದರೂ ಹನ್ನೆರಡರೊಳಗೆ ಆಗಲೇಬೇಕು, ಆಮೇಲೆ ಪಾದ್ರಿ ಲೂಬಿಯವರು ಸ್ವತಃ ಪೋಪ್ ಬಂದು ಕೇಳಿಕೊಂಡರೂ ಮಾಡಿಸುವವರಲ್ಲ. ಮರುದಿನದಿಂದ ಕ್ರಿಸ್‌ಮಸ್‌ಗೆ ಮುಂಚಿನ ನೇಮದ ವಾರಗಳು, ಆ ವಾರಗಳಲ್ಲಿ ಮದುವೆಯಿಲ್ಲ. ಇವತ್ತು ತಪ್ಪಿದರೆ ಜನವರಿ. ಜನವರಿಯ ತನಕ ಹನೋರಾಳ ಮನಸ್ಸು ನಿಲ್ಲುವುದೇ ಎನ್ನುವುದು ದೇವರಿಗೂ ಗೊತ್ತಿರಲಿಲ್ಲ. ಆಕೆಯ ಕಣ್ಣು ಮೊದಲಿನಿಂದಲೂ ಹನ್ನೊಂದು ಹಸು ತರಬಲ್ಲ ಇನ್ನೊಂದು ಹುಡುಗಿಯ ಮೇಲಿತ್ತು.

ಗಾಡಿ ಕಟ್ಟಿಕೊಂಡು ಹೋಗೋಣವೆಂದರೆ ರಸ್ತೆಯನ್ನು ಸ್ವಾತಂತ್ರ್ಯಕ್ಕೆ ಹೊಡೆದಾಡುತ್ತಿದ್ದ ನಮ್ಮ ಹುಡುಗರೇ ಮೂರು ಕಡೆ ಅಗೆದು ಹಾಕಿದ್ದರು, ಸೈನ್ಯದ ಲಾರಿಗಳು ಬಾರದಿರಲಿ ಎಂದು. ಲಾರಿ ಬರಲಿಲ್ಲ, ಸರಿ. ಸಿಪಾಯಿಗಳು ರೈಲಿಗೆ ಬಂದರು. ದೇಶಸೇವೆ ಒಮ್ಮೊಮ್ಮೆ ಹೀಗೆ ನಮ್ಮ ಕಾಲಿಗೇ ತೊಡರಿಕೊಳ್ಳುತ್ತದೆ.

ಹನೋರಾ ಛತ್ರಿ ಬಿಡಿಸಿಕೊಂಡು ಬೆಂಚಿನ ಮುಂದೆ ಬಂದು ನಿಂತಳು. ಹೊಸ ಟೋಪಿ, ಹಳೆಯ ಮುಖಭಾವ.

"ಏನ್ರೀ ಬೀಗರೇ, ಮಗಳ ಮದ್ವೆ ದಿನ ಬೆಂಚು ಕಾಯೋ ಕೆಲಸ ಹಿಡಿದ್ರಾ?"

"ಬಂದೂಕು ಹತ್ತಿದೆ ಬೀಗಿತ್ತಿಯವ್ರೇ. ನಾನು ಹತ್ತೋ ಹಾಗಿಲ್ಲ."

"ಹತ್ತಿ ಅಂತ ನಾನೆಲ್ಲಂದೆ? ನಮ್ಮನೆಯವ್ರು ಗೇಣಿ ಗಲಾಟೇಲಿ ಎಂಟು ತಿಂಗಳು ಜೈಲಲ್ಲಿದ್ದೋರು. ಬಂದೂಕು ಇಟ್ಕೊಂಡು ನೀವು ಈ ರೈಲು ಓಡಿಸಿದ್ರೆ ನಿಮ್ಮನೆ ಹೊಸ್ತಿಲು ತುಳಿಯಲ್ಲ ನಾನು."

"ಮತ್ತೆ?"

"ಓಡಿಸದಿದ್ರೆ ಮದುವೆ ಇಲ್ಲ, ಅಷ್ಟೇ. ಶನಿವಾರ ಬೇಡ, ಒಳ್ಳೇದಲ್ಲ ಅಂತ ಬಡ್ಕೊಂಡೆ. ನನ್ನ ಮಾತು ಯಾರು ಕೇಳ್ತಾರೆ!"

ಎರಡೂ ಕಡೆಯಿಂದ ಬಾಗಿಲು ಹಾಕಿ ಆಕೆ ನೆಮ್ಮದಿಯಾಗಿ ಛತ್ರಿ ತಿರುಗಿಸಿದಳು. ಗಂಟೆ ಹತ್ತೂವರೆ. ಮಲಾಕಿ ಗಡಿಯಾರವನ್ನು ಜೇಬಿಗೆ ಹಾಕಿದ, ಮತ್ತೆ ತೆಗೆದ. ಅದನ್ನು ನೋಡಿದಾಗಲೆಲ್ಲ ನಾಲ್ಕು ವರ್ಷದ ಡೆಲಿಯಾ ನೆನಪಾಗುತ್ತಿದ್ದಳು. ಆಗ ಪ್ಲಾಟ್‌ಫಾರಂ ತುದಿಯಲ್ಲಿ ಕುಣಿಯುತ್ತ ಅವಳು ಕೂಗುತ್ತಿದ್ದುದು ಒಂದೇ ಮಾತು, "ಅಪ್ಪ ಸರಿಯಾಗಿ ಬಂದ!" ತಾಯಿಯಿಲ್ಲದ ಮಗು. ಅವಳಿಗೆ ಅವನು ಕೊಡಬಲ್ಲದ್ದೆಂದರೆ ಹೇಳಿದ ಹೊತ್ತಿಗೆ ಬರುವುದೊಂದೇ ಆಗಿತ್ತು. ಇವತ್ತು ಅದೂ ಇಲ್ಲ. ಅವನಿಗೆ ಅಳು ಬಂತು. ಮಳೆ ಹನಿಯುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಹಿಂದಿನ ಡಬ್ಬಿಯ ಬಾಗಿಲು ತೆರೆಯಿತು. ಸಿಪಾಯಿಗಳ ಲೆಫ್ಟಿನೆಂಟ್ ಕೆಳಗಿಳಿದು ಬಂದ. ಹಾರ್‌ವುಡ್ ಅಂತ ಹೆಸರು, ಮೂಗಿನ ತುಂಬ ಕಂದು ಚುಕ್ಕೆ, ಮೀಸೆ ಇನ್ನೂ ಪ್ರಯತ್ನದಲ್ಲಿತ್ತು.

"ಟಾರ್ಪಿ ಅಂದ್ರೆ ನೀವೇ ಅಲ್ವಾ? ಇವತ್ತು ನಿಮ್ಮ ಮಗಳ ಮದುವೆಯಂತೆ. ಆ ಛತ್ರಿಯವರು ಹೇಳ್ತಿದ್ದದ್ದು ಇಡೀ ರೈಲಿಗೇ ಕೇಳಿಸ್ತು."

"ಹೌದು."

"ನನ್ನ ತಂಗೀದೂ ಹೋದ ತಿಂಗಳಾಯ್ತು, ನನಗೆ ಹೋಗೋಕಾಗ್ಲಿಲ್ಲ." ಅವನು ಟೋಪಿ ಸರಿಮಾಡಿಕೊಂಡ. "ನೋಡಿ, ಮಧ್ಯಾಹ್ನದವರೆಗೆ ರೈಲಲ್ಲಿ ಕೂತಿರಿ, ಹೊರಡದಿದ್ರೆ ನಡ್ಕೊಂಡು ಬನ್ನಿ ಅಂತ ನಮಗೆ ಹುಕುಂ. ನೀವಂತೂ ಹೊರಡಿಸಲ್ಲ. ಹೇಗಿದ್ರೂ ನಡೆಯೋರು, ಈಗ್ಲೇ ನಡೆದ್ರಾಯ್ತು. ನಾವು ಇಳಿದುಬಿಡ್ಲಾ?"

ಮಲಾಕಿಯ ಎದೆ ಕುಣಿಯಿತು. ಕಾಲು ಎಂಜಿನ್ನಿನತ್ತ ತಾನಾಗಿಯೇ ತಿರುಗಿತು. ಬಾಯಿ ಮಾತ್ರ ಹೀಗೆ ಅಂದಿತು:

"ಛೆ ಛೆ, ಬೇಡ ಬಿಡಿ. ಈ ಮಳೇಲಿ ನಿಮಗ್ಯಾಕೆ ತೊಂದ್ರೆ."

"ಓಹೋ. ಸರಿ ಹಾಗಾದ್ರೆ," ಎಂದ ಲೆಫ್ಟಿನೆಂಟ್. ಸೆಲ್ಯೂಟು ಹೊಡೆದು, ಹೋಗಿ, ಡಬ್ಬಿ ಹತ್ತಿ ಬಾಗಿಲು ಹಾಕಿಕೊಂಡ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಯಾರೇ ಏನೇ ಕೊಡಲು ಬರಲಿ, ಒಂದು ಬಟ್ಟಲು ಚಹಾ ಆಗಲಿ, ಎರಡು ಎಕರೆ ಜಮೀನಾಗಲಿ, ಮೊದಲ ಸಲ ಬೇಡ ಅನ್ನಬೇಕು. ಎರಡನೆಯ ಸಲ ಅಯ್ಯೋ ಬೇಡವೇ ಬೇಡ ಅನ್ನಬೇಕು. ಮೂರನೆಯ ಸಲ ಕೇಳಿದಾಗ, ಅವರ ಒತ್ತಾಯಕ್ಕೆ ಸೋತವರ ಹಾಗೆ, ನಿಮ್ಮಿಷ್ಟ ಎಂದು ಒಪ್ಪಿಕೊಳ್ಳಬೇಕು. ಮೊದಲ ಸಲಕ್ಕೇ ಕೈ ಚಾಚುವವನು ಹೊಟ್ಟೆಬಾಕ. ಮಲಾಕಿಯ ತಾಯಿ ಇದನ್ನು ಮಗನಿಗೆ ಪ್ರಾರ್ಥನೆಗಿಂತ ಮೊದಲೇ ಕಲಿಸಿದ್ದಳು, ಕಿವಿ ಹಿಂಡಿ ಹಿಂಡಿ ಕಲಿಸಿದ್ದಳು. ಐವತ್ತೆರಡು ವರ್ಷದ ಅಭ್ಯಾಸ ನಾಲಿಗೆಯ ತುದಿಯಲ್ಲೇ ಕೂತಿರುತ್ತದೆ, ತಲೆಯನ್ನು ಕೇಳಲು ಹೋಗುವುದಿಲ್ಲ.

ಎಂಜಿನ್ನಿಗೆ ಕಲ್ಲಿದ್ದಲು ತುಂಬುವ ಬಾರ್ನಿ, ಮಲಾಕಿಯ ಇಪ್ಪತ್ತು ವರ್ಷದ ಜೊತೆಗಾರ, ಸಲಿಕೆ ಹಿಡಿದುಕೊಂಡೇ ಕೆಳಗೆ ಹಾರಿದ.

"ಏನು ಮಾಡ್ದೆ ಮಾರಾಯ!"

"ಇನ್ನೊಂದ್ಸಲ ಕೇಳ್ತಾನೆ ಅಂದ್ಕೊಂಡೆ ಕಣೋ."

"ಅವನು ಇಂಗ್ಲಿಷಿನವನು! ಅವರು ಕೇಳೋದೇ ಅಪರೂಪ. ಏಳುನೂರು ವರ್ಷದಲ್ಲಿ ಒಬ್ಬ ಕೇಳ್ದ, ಅದಕ್ಕೆ ನೀನು ಬೇಡ ಅಂದೆ!"

"ಬಾಗಿಲ ಕಡೆ ನೋಡ್ತಿರು. ಬರಬಹುದು."

ಇಬ್ಬರೂ ಬಾಗಿಲು ನೋಡಿದರು. ಬಾಗಿಲು ತೆರೆಯಲಿಲ್ಲ. ಕಿಟಕಿಯಲ್ಲಿ ಲೆಫ್ಟಿನೆಂಟ್ ಪತ್ರಿಕೆ ಬಿಡಿಸಿದ್ದು ಮಾತ್ರ ಕಂಡಿತು.

"ಹೋಗಿ ನೀನೇ ಕೇಳು, ದಯವಿಟ್ಟು ಇಳೀರಿ ಅಂತ," ಎಂದ ಬಾರ್ನಿ.

"ಬೇಡೋದಾ? ಅವರ ಹತ್ರ?"

ಕೆಲಸಗಾರರ ಸಂಘದ ಸಭೆಯಲ್ಲಿ ಈ ಹಟಕ್ಕೆ ಇಬ್ಬರೂ ಅಕ್ಕಪಕ್ಕ ನಿಂತು ಕೈಯೆತ್ತಿದವರು. ಕೆಲಸ ಹೋದವರ ಹೆಂಡಿರು ಮಕ್ಕಳು ಆ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಆ ಗಂಡಸರು ಕೆಲಸ ಬಿಟ್ಟರು, ಬೇಡಲಿಲ್ಲ. ತನ್ನ ಮಗಳ ಮದುವೆಗೆಂದು ಮಲಾಕಿ ಟಾರ್ಪಿ ಹೋಗಿ ಸೈನ್ಯದ ಮುಂದೆ ಟೋಪಿ ತೆಗೆದ ಎಂದರೆ ಆ ಸಾಲಿನವರಿಗೆ ಮುಖ ಹೇಗೆ ತೋರಿಸುವುದು? ಹಾಗೆಂದು ಬೇಡದೆ ಕೂತರೆ ಡೆಲಿಯಾಗೆ ಮುಖ ಹೇಗೆ ತೋರಿಸುವುದು? ಅದೂ ತನ್ನದೇ ನಾಲಿಗೆಯಿಂದ ಕೆಟ್ಟ ಕೆಲಸ. ಬೇರೆ ಯಾರನ್ನಾದರೂ ಬೈಯೋಣವೆಂದರೆ ಸತ್ತ ತಾಯಿಯೊಬ್ಬಳೇ ಸಿಕ್ಕುತ್ತಿದ್ದಳು.

ಹತ್ತು ಗಂಟೆ ಐವತ್ತು ನಿಮಿಷ. ಸ್ಟೇಷನ್ ಮಾಸ್ತರರ ಹೆಂಡತಿ ಚಹಾ ತಟ್ಟೆ ಹಿಡಿದು ಹೊರಗೆ ಬಂದಳು. ಆರಡಿ ಎರಡಂಗುಲದ ಫೆಲಿಮ್ ಗೋಡೆಗೆ ಒರಗಿ, ಮದುವೆಯ ಕೋಟಿನೊಳಗೆ ಹಸಿವಿನಿಂದ ಬಾಡುತ್ತಿದ್ದ.

"ತಗೋಳಪ್ಪ, ಬಿಸಿ ಇದೆ."

"ಬೇಡ ಅಮ್ಮ."

"ನಾಚ್ಕೋಬೇಡ, ತಗೋ."

"ಬೇಡ ಅಮ್ಮ, ನಿಜವಾಗ್ಲೂ."

"ಇದು ಮೂರನೇ ಸಲ, ಇನ್ನು ಸಾಕು ಬಿಂಕ. ಹಿಡ್ಕೋ!"

"ಅಮ್ಮಾ, ಪ್ರಸಾದ ತಗೋಳೋ ತನಕ ನಾನು ಉಪವಾಸ!" ಎಂದು ಫೆಲಿಮ್ ಅಳುವ ಹಾಗೆ ಕಿರುಚಿದ. ಆಕೆ ನಂಬದೆ ನಾಲ್ಕನೆಯ ಸಲವೂ ಕೇಳಿಯೇ ಒಳಗೆ ಹೋದಳು.

ಮಲಾಕಿ ಎದ್ದು ನಿಂತ. ಎಂಜಿನ್ ಹತ್ತಿ, ಒಲೆಯ ಮೇಲಿನ ಹಲಗೆಯಲ್ಲಿ ಬಾರ್ನಿ ಬೆಚ್ಚಗಿಟ್ಟಿದ್ದ ಚಹಾದ ತಗಡಿನ ಡಬ್ಬಿಯನ್ನು ಕೈಗೆತ್ತಿಕೊಂಡ.

"ಅದು ನನ್ನ ಚಾ ಕಣೋ! ಎಲ್ಲಿಗೆ? ಅವನಿಗಾ? ಸಂಘದೋರಿಗೆ ಗೊತ್ತಾದ್ರೆ!"

"ಸಂಘ ಹೇಳಿದ್ದು ರೈಲು ಓಡಿಸ್ಬೇಡ ಅಂತ. ಚಾ ಕೊಡ್ಬೇಡ ಅಂತ ಯಾವಾಗ ಹೇಳ್ತು?"

ಹಿಂದಿನ ಡಬ್ಬಿಯ ಕಿಟಕಿ ತಟ್ಟಿದ. ಲೆಫ್ಟಿನೆಂಟ್ ಗಾಜು ಇಳಿಸಿದ. ಹಿಂದೆ ಹನ್ನೆರಡು ಮುಖಗಳು ತಿರುಗಿದವು. ಪ್ಲಾಟ್‌ಫಾರಂ ಮೇಲೆ ಹನೋರಾಳ ಛತ್ರಿ ತಿರುಗುವುದು ನಿಂತಿತು.

"ಲೆಫ್ಟಿನೆಂಟರೇ, ಚಾ ಕುಡೀತೀರಾ?"

"ಇಲ್ಲ, ಬೇಡ. ಥ್ಯಾಂಕ್ಸ್."

ಮಲಾಕಿ ಅಲ್ಲಾಡಲಿಲ್ಲ. "ಚಾ ಕುಡೀರಿ."

"ಬೇಡ ಅಂದ್ನಲ್ಲ."

"ಚಳಿ ಇದೆ. ಕುಡೀಲೇಬೇಕು."

ಹುಡುಗ ಚಹಾದ ಡಬ್ಬಿಯನ್ನು ನೋಡಿದ, ಏಳುವ ಹಬೆಯನ್ನು ನೋಡಿದ. ಬೆಳಿಗ್ಗೆ ಐದಕ್ಕೆ ಎದ್ದವನು. "ಹೂಂ... ನೀವಿಷ್ಟು ಹೇಳ್ತೀರಾ ಅಂದ್ರೆ," ಎಂದು ಕೈಚಾಚಿದ.

"ನೋಡಿದ್ರಾ?" ಎಂದ ಮಲಾಕಿ. "ನಮ್ಮಲ್ಲಿ ಇದು ಹೀಗೇ. ಎರಡು ಸಲ ಬೇಡ ಅಂತೀವಿ. ಕೇಳಿದೋರು ಬಿಡಬಾರ್ದು. ನಾನೇನೂ ಕೇಳ್ತಿಲ್ಲ, ಪದ್ಧತಿ ಹೇಳ್ದೆ ಅಷ್ಟೇ."

ಲೆಫ್ಟಿನೆಂಟ್ ಒಂದು ಗುಟುಕು ಕುಡಿದ. ಇನ್ನೊಂದು ಕುಡಿದ. ಮೂರನೆಯದು ಗಂಟಲಲ್ಲೇ ನಿಂತಿತು. ಅವನ ಕಿವಿ ಕೆಂಪಾಗುತ್ತ ಬಂತು. ಡಬ್ಬಿಯನ್ನು ಜೋಪಾನವಾಗಿ ಕೆಳಗಿಟ್ಟು, ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡ.

"ಟಾರ್ಪಿಯವ್ರೇ, ನಾವು ಇಳೀತೀವಿ."

"ಅಯ್ಯೋ ಬೇಡ, ಬೇಡವೇ ಬೇಡ. ಹದಿನಾಲ್ಕು ಮೈಲಿ, ಕೆಸರು ಬೇರೆ."

ಲೆಫ್ಟಿನೆಂಟ್ ಬೆರಳು ಮಡಿಸಿ ಮನಸ್ಸಿನಲ್ಲೇ ಎಣಿಸಿದ. ಬಾರ್ನಿ ಕೂಡ ಸಲಿಕೆಯ ಹಿಡಿಯ ಮೇಲೆ ಎಣಿಸಿದ.

"ಇಳಿದೇ ಇಳೀತೀವಿ!"

"ನೀವಿಷ್ಟು ಒತ್ತಾಯ ಮಾಡಿದ್ರೆ," ಎಂದ ಮಲಾಕಿ, "ನಿಮ್ಮಿಷ್ಟ." ಎಂದವನೇ ಎಂಜಿನ್ನಿಗೆ ಓಡಿದ. ಐವತ್ತೆರಡರ ಮನುಷ್ಯ ಹಾಗೆ ಓಡಿದ್ದನ್ನು ಕಿಲ್‌ಕೋರನ್ ಜನ ಹಿಂದೆಂದೂ ನೋಡಿರಲಿಲ್ಲ.

ಸಿಪಾಯಿಗಳು ಗೊಣಗುತ್ತ ಮಳೆಗಿಳಿದರು. ಹನ್ನೊಂದು ದಾಟಿ ಐದು ನಿಮಿಷಕ್ಕೆ ಚಕ್ರ ತಿರುಗಿತು. ಸ್ಟೇಷನ್ನಿನ ಕೊನೆಯ ಬೇಲಿಯ ಬಳಿ, ಕಾಲರು ಮೇಲೆತ್ತಿಕೊಂಡು ನಡೆಯುತ್ತಿದ್ದ ಲೆಫ್ಟಿನೆಂಟ್ ಎಂಜಿನ್ ತನ್ನ ಸಮಕ್ಕೆ ಬಂದಾಗ ತಲೆಯೆತ್ತಿದ. ಒದ್ದೆ ಮುಖದಲ್ಲಿ ತುಂಟ ನಗು. ಪಾಠ ಬೇಗ ಕಲಿತ ಹುಡುಗ.

"ಟಾರ್ಪಿಯವ್ರೇ! ಇನ್ನೊಂದು ಮಾತು! ನಾವು ನಿಮ್ಮ ದೇಶಾನೇ ಬಿಟ್ಟು ಹೋಗ್ಲಾ?"

"ಛೆ ಛೆ, ಬೇ—" ನಾಲಿಗೆ ಅರ್ಧ ಹೇಳಿಯೇ ಬಿಟ್ಟಿತ್ತು. ಮಲಾಕಿ ಹಲ್ಲು ಕಚ್ಚಿ ಅದನ್ನು ಅಲ್ಲೇ ಹಿಡಿದ. ಕಿಟಕಿಯಿಂದ ಸೊಂಟದ ತನಕ ಹೊರಗೆ ಬಗ್ಗಿದ.

"ಹೋಗಿ!" ಎಂದು ಕೂಗಿದ. "ಹೋಗಿ ಬನ್ನಿ ಅಂತಾನೂ ಅನ್ನಲ್ಲ! ಹೋಗಿ!"

ಡಬ್ಬಿಯ ಕಿಟಕಿಗಳಿಂದ ಹೋ ಎಂದು ಕೇಕೆ ಎದ್ದಿತು. ಎಲ್ಲರಿಗಿಂತ ಜೋರು ಹನೋರಾಳದು. ಛತ್ರಿ ಕಿಟಕಿಯಾಚೆ ಹಾರಿಹೋದದ್ದೂ ಅವಳಿಗೆ ಗೊತ್ತಾಗಲಿಲ್ಲ.

ಬಾರ್ನಿ ಆ ದಿನ ಹಾಕಿದಷ್ಟು ಕಲ್ಲಿದ್ದಲನ್ನು ಮತ್ತೆಂದೂ ಹಾಕಲಿಲ್ಲ. ಹನ್ನೊಂದು ನಲವತ್ತಕ್ಕೆ ಬ್ಯಾಲಿನ್‌ರೋ. ಚರ್ಚಿನ ಮೆಟ್ಟಿಲ ಮೇಲೆ ಡೆಲಿಯಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು, ಹೂವಿನ ಗೊಂಚಲು ಕಂಕುಳಲ್ಲಿತ್ತು.

"ಐವತ್ತೊಂಬತ್ತು ನಿಮಿಷ ತಡ ಅಪ್ಪ."

"ಗೊತ್ತು ಮಗಳೇ."

"ಬಂದೂಕು ಹತ್ತಿಸ್ಕೊಂಡು ಬಂದ್ಯಾ?"

"ಇಲ್ಲ."

"ಹಾಗಾದ್ರೆ ಸರಿಯಾಗೇ ಬಂದೆ," ಎಂದು ಅವಳು ಮಸಿ ಹತ್ತಿದ ಅವನ ತೋಳನ್ನು ಹಿಡಿದುಕೊಂಡಳು. ಬಿಳಿ ಕೈಗವಸು ಕಪ್ಪಾಯಿತು. ಪಾದ್ರಿ ಲೂಬಿಯವರು ಮಂತ್ರಗಳನ್ನು ನುಂಗಿ ನುಂಗಿ ಹೇಳಿ ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ಗಂಡಹೆಂಡತಿ ಎಂದು ಸಾರಿದರು.

ಊಟದ ಮೇಜಿನಲ್ಲಿ ಹಂದಿಮಾಂಸ, ಎಲೆಕೋಸು, ಆಲೂಗಡ್ಡೆ ಬೆಟ್ಟ. ಫೆಲಿಮ್ ಮೂರನೆಯ ತಟ್ಟೆಯಲ್ಲಿದ್ದ, ಯಾರ ಒತ್ತಾಯಕ್ಕೂ ಕಾಯದೆ. ಸೋಮವಾರ ಕಂಪನಿಯ ಕಾಗದ ಬರುತ್ತದೆಂದು, ಮಲಾಕಿಯ ಕೆಲಸ ಮುಗಿಯಿತೆಂದು ಎಲ್ಲರಿಗೂ ಗೊತ್ತಿತ್ತು. ಹನೋರಾ ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

"ಬೀಗರೇ, ನಮ್ಮ ಹೊಲದಲ್ಲಿ ಕೆಲಸ ಬೇಕಾದಷ್ಟಿದೆ. ಬನ್ನಿ."

"ಛೆ, ಬೇಡ ಬಿಡಿ."

"ಬನ್ನಿ ಅಂದೆ."

"ಬೇಡವೇ ಬೇಡ."

"ಮೂರನೇ ಸಲ ಕೇಳ್ತಿದೀನಿ, ಬೇಕಾದ್ರೆ ಮೂವತ್ತು ಸಲ ಕೇಳ್ತೀನಿ. ನಾನೇನು ಇಂಗ್ಲಿಷಿನೋಳಾ?"

ಮೇಜೆಲ್ಲ ನಕ್ಕಿತು. ಬಾರ್ನಿ ಲೋಟ ಎತ್ತಿ ಮಲಾಕಿಯ ಭುಜಕ್ಕೆ ತಿವಿದ. "ಅದೆಲ್ಲ ಇರ್ಲಿ. ಅಲ್ಲಿ ಬೇಲಿ ಹತ್ರ ಒಂದೇ ಸಲಕ್ಕೆ ಹೋಗಿ ಅಂದ್ಬಿಟ್ಟೆಯಲ್ಲೋ! ನಿಮ್ಮಮ್ಮ ಇದ್ದಿದ್ರೆ ಕಿವಿ ಹಿಂಡಿಬಿಡೋಳು."

ಮಲಾಕಿ ನಗಲಿಲ್ಲ. ಅವನು ಹನ್ನೆರಡು ವರ್ಷದವನಿದ್ದಾಗ ಗೇಣಿ ಕಟ್ಟಲಿಲ್ಲವೆಂದು ಸಿಪಾಯಿಗಳು ಮನೆಯ ಮಾಡು ಕಿತ್ತ ದಿನ ತಾಯಿ ರಸ್ತೆಯಲ್ಲಿ ಕೆಟಲು ಹಿಡಿದು ನಿಂತಿದ್ದಳು. ಆಮೇಲೆ ನಲವತ್ತು ವರ್ಷ, ಮೊನ್ನೆ ವಸಂತದಲ್ಲಿ ತೀರಿಕೊಳ್ಳುವ ತನಕ, ಆ ಕೆಟಲಿನಲ್ಲೇ ಬಂದವರಿಗೆಲ್ಲ ಮೂರು ಮೂರು ಸಲ ಕೇಳಿ ಚಹಾ ಕೊಟ್ಟವಳು.

"ಇಲ್ಲ ಕಣೋ," ಎಂದ. "ಅಮ್ಮ ಆಗಿದ್ರೂ ಒಂದೇ ಸಲಕ್ಕೆ ಹೋಗಿ ಅಂತಿದ್ಲು. ಸಾಯೋ ತನಕ ಕಾದ್ಲು. ಅವಳನ್ನ ಯಾರೂ ಕೇಳ್ಲೇ ಇಲ್ಲ."